ದಾವಣಗೆರೆಗೆ ಹೊಸದಾಗಿ ಬಂದಿದ್ದೀರಾ? ಬಾಡಿಗೆ ಕೇಳುವ ಮೊದಲು ಕರೆಂಟ್ ಬಿಲ್ ಕೇಳಿ

ದುಬೈನಲ್ಲಿ ಹನ್ನೊಂದು ವರ್ಷ ದುಡಿದು 2024ರ ಕೊನೆಗೆ ಊರಿಗೆ ಮರಳಿದಾಗ ನಿಟುವಳ್ಳಿಯಲ್ಲಿ ಮಹಡಿ ಮನೆಯೊಂದನ್ನು ಬಾಡಿಗೆಗೆ ಹಿಡಿದೆವು. ನಾನು, ಹೆಂಡತಿ, ಇಬ್ಬರು ಮಕ್ಕಳು, ಅಮ್ಮ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ, ಎಲ್ಲ ಕೇಳಿದೆ. ಕರೆಂಟ್ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಜನವರಿಯಲ್ಲಿ ಗೃಹಜ್ಯೋತಿಗೆ ಅರ್ಜಿ ಹಾಕಿದ್ದೆವು, 200 ಯೂನಿಟ್‌ವರೆಗೆ ಉಚಿತ ಅಂತ ಎಲ್ಲರೂ ಹೇಳಿದ್ದರು, ಅಲ್ಲಿಗೆ ಆ ವಿಷಯ ಮುಗಿಯಿತು ಅಂದುಕೊಂಡಿದ್ದೆ.

2025ರ ಮೇ ತಿಂಗಳಲ್ಲಿ ಒಂದು ದಿನ ಮನೆಗೆ ಬರುತ್ತಿದ್ದ ಹಾಗೆ ಅಮ್ಮ ಚೀಟಿ ಕೈಗಿಟ್ಟರು. "ಕೆಇಬಿಯೋರು ಬಂದಿದ್ರಪ್ಪಾ, ಈ ಸಲ ಭಾಳ ಬಂದೈತಂತೆ ನೋಡು." ಕೆಇಬಿ ಹೋಗಿ ಬೆಸ್ಕಾಂ ಬಂದು ಇಪ್ಪತ್ತು ವರ್ಷದ ಮೇಲಾಯಿತು, ನಮ್ಮೂರಿನ ಹಿರಿಯರ ಬಾಯಲ್ಲಿ ಅದು ಇನ್ನೂ ಕೆಇಬಿಯೇ. ಹಿಂದಿನ ತಿಂಗಳು 176 ಯೂನಿಟ್ ಸುಟ್ಟು ಸುಮಾರು 300 ರೂಪಾಯಿ ಕಟ್ಟಿದ್ದೆವು. ಈ ಸಲ 207 ಯೂನಿಟ್, ಬಿಲ್ 1,800 ರೂಪಾಯಿಗೂ ಮೇಲೆ. ಜಾಸ್ತಿಯಾಗಿದ್ದು 31 ಯೂನಿಟ್, ಅದಕ್ಕೆ ಬಿದ್ದದ್ದು 1,500 ರೂಪಾಯಿ.

ಮೀಟರ್ ಕೆಟ್ಟಿದೆ ಅಂತಲೇ ಮೊದಲು ಅನ್ನಿಸಿತು. ಕೆಟ್ಟಿರಲಿಲ್ಲ. ಯೂನಿಟ್ ದರ ಎಷ್ಟು ಅಂತ ನನಗೆ ಗೊತ್ತಿತ್ತು. ಯಾವ ಅಂಕಿ ದಾಟಿದರೆ ಬಿಲ್ ಜಿಗಿಯುತ್ತೆ ಅನ್ನುವುದು ಗೊತ್ತಿರಲಿಲ್ಲ. ಹೊರಗಿನಿಂದ ಬಂದು ಇಲ್ಲಿ ಮನೆ ಹೂಡುವವರು ಮೊದಲು ತಿಳಿಯಬೇಕಾದದ್ದು ಆ ಎರಡನೆಯದನ್ನು. ಯಾವ ಮನೆ ಹಿಡಿಯಬೇಕು, ಗೀಸರ್ ಯಾವುದು, ಎಸಿ ಬೇಕೋ ಕೂಲರ್ ಸಾಕೋ, ಎಲ್ಲ ತೀರ್ಮಾನವೂ ಅದರ ಮೇಲೆಯೇ ನಿಂತಿದೆ.

ಮೆಟ್ಟಿಲು, ಹೊಸ್ತಿಲು, ಸಪಾಟು ನೆಲ

ಪ್ರಪಂಚದಲ್ಲಿ ಎಲ್ಲಿ ಹೋದರೂ ಮನೆ ಕರೆಂಟಿನ ಲೆಕ್ಕ ಹೆಚ್ಚುಕಡಿಮೆ ಮೂರು ಬಗೆ.

ಒಂದು, ಮೆಟ್ಟಿಲಿನ ಲೆಕ್ಕ. ದುಬೈನದ್ದು ಇದೇ. 2,000 ಯೂನಿಟ್‌ವರೆಗೆ ಯೂನಿಟ್‌ಗೆ 23 ಫಿಲ್ಸ್ (ನೂರು ಫಿಲ್ಸ್ ಅಂದರೆ ಒಂದು ದಿರ್ಹಮ್), ಅಲ್ಲಿಂದ 4,000ದವರೆಗೆ 28. ನೀವು 2,001ನೇ ಯೂನಿಟ್ ಸುಟ್ಟರೆ ಆ ಒಂದು ಯೂನಿಟ್‌ಗೆ ಮಾತ್ರ ಐದು ಫಿಲ್ಸ್ ಜಾಸ್ತಿ. ಕೆಳಗಿನ ಯೂನಿಟ್‌ಗಳು ಹಳೇ ದರದಲ್ಲೇ ಉಳಿಯುತ್ತವೆ. ಅಲ್ಲಿ ಬಿಲ್ ದಪ್ಪ ಕಾಣುವುದಕ್ಕೆ ಕಾರಣ ಬೇರೆ: ಅದೇ ಕಾಗದದಲ್ಲಿ ನೀರೂ ಬರುತ್ತೆ, ವರ್ಷದ ಬಾಡಿಗೆಯ ಶೇ 5ರಷ್ಟು ವಸತಿ ಶುಲ್ಕವೂ ಹನ್ನೆರಡು ಕಂತಾಗಿ ಬರುತ್ತೆ. ಅಲ್ಲಿಂದ ಬಂದವರು "ದುಬೈನಲ್ಲಿ ಕರೆಂಟಿಗೇ ಇಷ್ಟು ಕಟ್ಟುತ್ತಿದ್ದೆ" ಅಂತ ಹೋಲಿಸುವಾಗ ಆ ಎರಡನ್ನೂ ಕಳೆದೇ ಹೋಲಿಸಬೇಕು.

ಎರಡು, ಹೊಸ್ತಿಲಿನ ಲೆಕ್ಕ. ಹೊಸ್ತಿಲು ದಾಟಿದರೆ ಹಿಂದಿನ ಯೂನಿಟ್‌ಗಳೂ ದುಬಾರಿ ದರಕ್ಕೆ ಹೋಗುತ್ತವೆ. ಮಕ್ಕಳನ್ನು ಮೆಡಿಕಲ್ ಓದಿಸಲು ಕೇರಳದಿಂದ ಬಂದು ಇಲ್ಲಿ ಮನೆ ಮಾಡಿದವರಿಗೆ ಇದು ಹೊಸದಲ್ಲ. ಅಲ್ಲಿ ತಿಂಗಳಿಗೆ 250 ಯೂನಿಟ್‌ವರೆಗೆ ಮೆಟ್ಟಿಲು, ಅದು ದಾಟಿದರೆ ಅಷ್ಟೂ ಯೂನಿಟ್‌ಗೆ ಒಂದೇ ಮೇಲಿನ ದರ.

ಮೂರು, ಸಪಾಟು. ಮೊದಲನೇ ಯೂನಿಟ್‌ಗೂ ಮುನ್ನೂರನೇ ಯೂನಿಟ್‌ಗೂ ಒಂದೇ ದರ.

ಕರ್ನಾಟಕ ಕೆಲವೇ ವರ್ಷಗಳಲ್ಲಿ ಈ ಮೂರನ್ನೂ ಕಂಡಿದೆ. ಇಲ್ಲಿ ಅಕ್ಕಪಕ್ಕದವರು ಕೊಡುವ ಸಲಹೆ ಒಂದಕ್ಕೊಂದು ತಾಳೆಯಾಗದಿರುವುದಕ್ಕೆ ಇದೇ ಕಾರಣ. 2022-23ರವರೆಗೆ ಮೆಟ್ಟಿಲಿತ್ತು: ಮೊದಲ 50 ಯೂನಿಟ್ ಅಗ್ಗ, ಮುಂದಿನ 50 ಸ್ವಲ್ಪ ಜಾಸ್ತಿ, ಹೀಗೆ. 2023ರಲ್ಲಿ ಕರೆಂಟ್ ದರ ನಿಗದಿ ಮಾಡುವ ಆಯೋಗ ಕೆಇಆರ್‌ಸಿ ಅದನ್ನು ಹೊಸ್ತಿಲು ಮಾಡಿತು: 100 ಯೂನಿಟ್ ಒಳಗಿದ್ದರೆ 4 ರೂಪಾಯಿ 75 ಪೈಸೆ, ದಾಟಿದರೆ ಅಷ್ಟಕ್ಕೂ 7 ರೂಪಾಯಿ. 2024ರ ಏಪ್ರಿಲ್‌ನಿಂದ ಸ್ಲ್ಯಾಬೇ, ಅಂದರೆ ಬಳಕೆಗೆ ತಕ್ಕ ಬೇರೆ ಬೇರೆ ದರವೇ, ಹೋಯಿತು; ಎಲ್ಲ ಯೂನಿಟ್‌ಗೂ 5 ರೂಪಾಯಿ 90 ಪೈಸೆ. 2025ರ ಏಪ್ರಿಲ್‌ನಲ್ಲಿ ಅದು 5 ರೂಪಾಯಿ 80 ಪೈಸೆಗೆ ಇಳಿಯಿತು. ದಾವಣಗೆರೆಗೂ ಚಿತ್ರದುರ್ಗಕ್ಕೂ ಬೆಸ್ಕಾಂ ಒಂದೇ, ದರವೂ ಒಂದೇ.

ಹಾಗಾಗಿ "ಎರಡು ಮೀಟರ್ ಹಾಕಿಸ್ರಿ, ಸ್ಲ್ಯಾಬ್ ಕಮ್ಮಿ ಬೀಳುತ್ತೆ" ಅನ್ನುವ ಮಾತು ಹಳೇ ಕಾಲದ್ದು. ಸ್ಲ್ಯಾಬ್ ಇಲ್ಲದ ಮೇಲೆ ಆ ಲಾಭವೂ ಇಲ್ಲ. ಒಬ್ಬರ ಆಧಾರ್‌ಗೆ ಗೃಹಜ್ಯೋತಿ ಸಿಗುವುದೂ ಒಂದೇ ಮೀಟರ್‌ಗೆ.

ದರ ಸಪಾಟಾದರೂ ಹೊಸ್ತಿಲು ಇನ್ನೊಂದು ರೂಪದಲ್ಲಿ ಉಳಿದುಕೊಂಡಿದೆ. ಅದು ಗೃಹಜ್ಯೋತಿಯ 200. ಯೋಜನೆ 2023ರ ಜುಲೈ ಬಳಕೆಯಿಂದ ಶುರುವಾಯಿತು. ನಿಮ್ಮ ಮೀಟರ್‌ಗೆ ಒಂದು ಅರ್ಹತಾ ಯೂನಿಟ್ ಇರುತ್ತೆ; ಅಷ್ಟರೊಳಗಿದ್ದರೆ ಬಿಲ್ ಸೊನ್ನೆ. ಅದನ್ನು ದಾಟಿ 200ರ ಒಳಗಿದ್ದರೆ ಹೆಚ್ಚಿನ ಯೂನಿಟ್‌ನ ಹಣ. 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ನಿಮ್ಮದೇ.

ನಮ್ಮ ಮನೆಯ ಲೆಕ್ಕವನ್ನೇ ಬಿಡಿಸುತ್ತೇನೆ. ಮಂಜೂರಾದ ಲೋಡ್ (ಒಮ್ಮೆಗೆ ಎಷ್ಟು ಕರೆಂಟ್ ಎಳೆಯಬಹುದು ಅಂತ ಬೆಸ್ಕಾಂ ಒಪ್ಪಿದ ಮಿತಿ) 3 ಕಿಲೋವ್ಯಾಟ್, ಅರ್ಹತೆ 131 ಯೂನಿಟ್. ಯೂನಿಟ್‌ಗೆ 5.80, ಅದರ ಮೇಲೆ ಶೇ 9 ತೆರಿಗೆ ಅಂದರೆ 52 ಪೈಸೆ, ನೌಕರರ ಪಿಂಚಣಿಗೆಂದು 2025ರ ಏಪ್ರಿಲ್‌ನಿಂದ ಸೇರಿಸಿದ 36 ಪೈಸೆ. ಒಟ್ಟು 6 ರೂಪಾಯಿ 68 ಪೈಸೆ. ತಿಂಗಳಿಂದ ತಿಂಗಳಿಗೆ ಬದಲಾಗುವ ಇಂಧನ ಹೊಂದಾಣಿಕೆ ಶುಲ್ಕವನ್ನು ಇಲ್ಲಿ ಬಿಟ್ಟಿದ್ದೇನೆ. ಇದಲ್ಲದೆ ಕಿಲೋವ್ಯಾಟ್‌ಗೆ 145 ರೂಪಾಯಿಯಂತೆ ನಿಗದಿತ ಶುಲ್ಕ 435. ಈಗ ನೋಡಿ: 200 ಯೂನಿಟ್‌ಗೆ ನಿಂತಿದ್ದರೆ ಹೆಚ್ಚಿನ 69 ಯೂನಿಟ್‌ಗೆ ಸುಮಾರು 461 ರೂಪಾಯಿ. 201 ಆದರೆ 1,778. ಆ ಒಂದೇ ಯೂನಿಟ್‌ನ ಬೆಲೆ 1,300 ರೂಪಾಯಿಗೂ ಜಾಸ್ತಿ.

ಇಲ್ಲಿನ ಕರೆಂಟ್ ಲೆಕ್ಕಗಳೆಲ್ಲ 2025-26ರ ದರದವು. ನಿಮ್ಮ ಬಿಲ್ಲಿನಲ್ಲಿ ಅಚ್ಚಾದ ದರ ಹಾಕಿಕೊಂಡು ಇದೇ ರೀತಿ ಬಿಡಿಸಿ.

ಮನೆ ಹುಡುಕುವಾಗ

ಮೊದಲ ಹೋಲಿಕೆ ಬೇರೆ ಮೀಟರ್ ಇರುವ ಮನೆಗೂ ಸಬ್ ಮೀಟರ್ ಮನೆಗೂ. ವಿದ್ಯಾನಗರ, ಎಂಸಿಸಿ ಬ್ಲಾಕ್, ವಿನೋಬನಗರ ಯಾವ ಕಡೆ ಹುಡುಕಿದರೂ ಎರಡೂ ಬಗೆ ಸಿಗುತ್ತವೆ. ಸಬ್ ಮೀಟರ್ ಅಂದರೆ ಬೆಸ್ಕಾಂ ಮೀಟರ್ ಒಂದೇ, ಮಾಲೀಕರು ನಿಮ್ಮ ಪಾಲು ಅಳೆಯಲು ಒಳಗೆ ಇನ್ನೊಂದು ಹಾಕಿರುತ್ತಾರೆ. "ಯೂನಿಟ್‌ಗೆ ಒಂಬತ್ತು ರೂಪಾಯಿ ಕೊಡ್ರಿ" ಅಂದಾಗ ಹೊಸಬರಿಗೆ ಇವರು ನಮ್ಮಿಂದ ಲಾಭ ಮಾಡುತ್ತಿದ್ದಾರೆ ಅನ್ನಿಸುತ್ತೆ. ಲೆಕ್ಕ ಹಾಕಿ ನೋಡಿ: ಎರಡು ಸಂಸಾರ ತಲಾ 120, ಒಟ್ಟು 240 ಯೂನಿಟ್, 4 ಕಿಲೋವ್ಯಾಟ್ ಲೋಡ್. 200 ದಾಟಿದ್ದರಿಂದ ಪೂರ್ತಿ ಬಿಲ್, ಸುಮಾರು 2,184 ರೂಪಾಯಿ. ಯೂನಿಟ್‌ಗೆ 9 ರೂಪಾಯಿ 10 ಪೈಸೆ ಆಯಿತು. ಮಾಲೀಕರು ಕೇಳಿದ್ದು ನ್ಯಾಯವಾದ ದರವೇ. ಅದೇ 120 ಯೂನಿಟ್ ನಿಮ್ಮ ಸ್ವಂತ ಮೀಟರ್‌ನಲ್ಲಿ ಓಡಿ ಅರ್ಹತೆ 115 ಇದ್ದಿದ್ದರೆ ನೀವು ಕಟ್ಟುವುದು ಐದು ಯೂನಿಟ್‌ನ 33 ರೂಪಾಯಿ. ಅಂದರೆ ಬೇರೆ ಮೀಟರ್ ಇರುವ ಮನೆಗೆ ತಿಂಗಳಿಗೆ 1,000 ರೂಪಾಯಿ ಜಾಸ್ತಿ ಬಾಡಿಗೆ ಕೊಟ್ಟರೂ ನಷ್ಟವಿಲ್ಲ. ನನ್ನ ಮಾತು ಕೇಳುವುದಾದರೆ ಬೇರೆ ಮೀಟರ್ ಇರುವುದನ್ನೇ ಹಿಡಿಯಿರಿ. ದುಡ್ಡಿನ ಜೊತೆಗೆ ತಿಂಗಳು ತಿಂಗಳು ಮಾಲೀಕರ ಬಾಗಿಲಲ್ಲಿ ನಿಂತು ಲೆಕ್ಕ ಕೇಳುವ ಮುಜುಗರವೂ ತಪ್ಪುತ್ತೆ.

ಎರಡನೇ ಹೋಲಿಕೆ ಹಳೇ ಮನೆಗೂ ಹೊಸ ಮನೆಗೂ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಅರ್ಹತಾ ಯೂನಿಟ್ ಬರುವುದು ನಿಮ್ಮ ಸಂಸಾರದ ಗಾತ್ರದಿಂದ ಅಲ್ಲ, ಆ ಮೀಟರ್‌ನ ಚರಿತ್ರೆಯಿಂದ. 2022-23ರಲ್ಲಿ ಆ ಆರ್‌ಆರ್ ನಂಬರ್‌ನಲ್ಲಿ (ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ) ತಿಂಗಳಿಗೆ ಸರಾಸರಿ ಎಷ್ಟು ಓಡಿತ್ತೋ ಅದಕ್ಕೆ ಶೇ 10 ಸೇರಿಸುತ್ತಾರೆ. ಸರಾಸರಿ 48ಕ್ಕಿಂತ ಕಮ್ಮಿ ಇದ್ದರೆ ಶೇ 10ರ ಬದಲು 10 ಯೂನಿಟ್ ಸೇರಿಸುವ ತೀರ್ಮಾನ 2024ರ ಜನವರಿಯಲ್ಲಿ ಆಯಿತು. ಆಮೇಲೆ ಕಟ್ಟಿದ, ಚರಿತ್ರೆಯೇ ಇಲ್ಲದ ಮನೆಗೆ ರಾಜ್ಯದ ಸರಾಸರಿ 53, ಅದಕ್ಕೆ ಶೇ 10 ಸೇರಿ 58 ಯೂನಿಟ್.

ನಿಮಗೆ ತಿಂಗಳಿಗೆ 130 ಯೂನಿಟ್ ಬೇಕು ಅಂತಿಟ್ಟುಕೊಳ್ಳಿ. ದೊಡ್ಡ ಸಂಸಾರ ಇದ್ದು ಹೋದ ನಮ್ಮಂಥ ಮನೆಯಲ್ಲಿ ಬಿಲ್ ಸೊನ್ನೆ. ಹೊಸ ಬಡಾವಣೆಯ ಗ್ರಾನೈಟ್ ನೆಲದ ಮನೆಯಲ್ಲಿ 72 ಯೂನಿಟ್‌ಗೆ ಸುಮಾರು 480 ರೂಪಾಯಿ. ಒಬ್ಬನೇ ಹುಡುಗ ಇದ್ದು 30 ಯೂನಿಟ್ ಸುಡುತ್ತಿದ್ದ ಮನೆಯಾದರೆ ಅರ್ಹತೆ 40ಕ್ಕೆ ನಿಲ್ಲುತ್ತೆ, ನೀವು 600 ಕಟ್ಟುತ್ತೀರಿ. ಹೊರಗಿನಿಂದ ಮೂರೂ ಒಂದೇ ಥರ ಕಾಣಬಹುದು. ಆದ್ದರಿಂದ ಮನೆ ನೋಡಲು ಹೋದಾಗ ಒಂದು ಹಳೇ ಬಿಲ್ ಕೇಳಿ. "ಬಿಲ್ ಒಂದು ತೋರಿಸ್ತೀರೇನ್ರಿ?" ಅಂದರೆ ಬೇಸರ ಮಾಡಿಕೊಳ್ಳುವವರು ಕಮ್ಮಿ. ಅದರಲ್ಲಿ ಅರ್ಹತಾ ಯೂನಿಟ್, ಮಂಜೂರಾದ ಲೋಡ್, ಹಿಂದಿನ ಬಾಕಿ ಮೂರನ್ನೂ ನೋಡಿ.

ಹಿಂದೆ ಇದ್ದವರು ತಮ್ಮ ಆಧಾರ್ ಜೋಡಣೆ ಬಿಡಿಸಿಕೊಂಡಿದ್ದಾರೋ ಇಲ್ಲವೋ ಅನ್ನುವುದನ್ನೂ ಕೇಳಿ. ಬಿಡಿಸದಿದ್ದರೆ ನಿಮ್ಮ ಅರ್ಜಿ ಸಿಕ್ಕಿಕೊಳ್ಳುತ್ತೆ. ಬಿಡಿಸುವುದು, ಜೋಡಿಸುವುದು ಎರಡೂ ರಾಜ್ಯ ಸರ್ಕಾರದ ಸೇವಾ ಸಿಂಧು ವೆಬ್‌ಸೈಟ್‌ನಲ್ಲೇ ಆಗುತ್ತೆ. ನಿಮ್ಮ ಆಧಾರ್, ಕರೆಂಟ್ ಬಿಲ್ಲಿನಲ್ಲಿರುವ ಖಾತೆ ಸಂಖ್ಯೆ, ಬಾಡಿಗೆ ಕರಾರು ಪತ್ರ ಕೈಯಲ್ಲಿರಲಿ.

ಊರಲ್ಲಿ ಮನೆ ಬೀಗ ಹಾಕಿ ಹೊರದೇಶದಲ್ಲಿ ಇರುವವರಿಗೊಂದು ಮಾತು. ಯೋಜನೆಯಲ್ಲಿ ಇಲ್ಲದ ಮನೆಗೆ ಒಂದು ದೀಪ ಉರಿಯದಿದ್ದರೂ ನಿಗದಿತ ಶುಲ್ಕ ಬರುತ್ತಲೇ ಇರುತ್ತೆ. ಎಂದೋ ಎಸಿ, ಗೀಸರ್ ಅಂತ 5 ಕಿಲೋವ್ಯಾಟ್ ಮಾಡಿಸಿದ್ದರೆ ತಿಂಗಳಿಗೆ 725 ರೂಪಾಯಿ. ಬೇಡದ ಲೋಡ್ ಇಳಿಸಲು ಅರ್ಜಿ ಕೊಡಬಹುದು.

ನಮ್ಮ 207ರ ಗುಟ್ಟು

ಬಿಲ್ ನೋಡಿದ ರಾತ್ರಿ ನಾನು ಎಸಿಯನ್ನೇ ಬೈದೆ. ಆದರೆ ಲೆಕ್ಕ ಕೂಡುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಸ್ಟೂಲ್ ಹಾಕಿಕೊಂಡು ಮೀಟರ್ ಮುಂದೆ ನಿಂತೆ. ಅದರ ಮೇಲೆ ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತೆ. ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಅಂತ ಬರೆದಿರುತ್ತೆ, ನಮ್ಮದರಲ್ಲಿ 1,600. ಮನೆಯ ಎಲ್ಲ ಸ್ವಿಚ್ ಆಫ್ ಮಾಡಿಸಿ ಗೀಸರ್ ಒಂದನ್ನೇ ಹಾಕಿಸಿದೆ. ಮಗಳು ಮೊಬೈಲ್‌ನಲ್ಲಿ ಒಂದು ನಿಮಿಷ ಹಿಡಿದಳು, ನಾನು ಎಣಿಸಿದೆ: 53. ಅದನ್ನು 60ರಿಂದ ಗುಣಿಸಿ 1,600ರಿಂದ ಭಾಗಿಸಿದರೆ ಹೆಚ್ಚುಕಡಿಮೆ 2 ಕಿಲೋವ್ಯಾಟ್, ಗೀಸರ್ ಮೇಲೆ ಬರೆದಿದ್ದಷ್ಟೇ. ಮೀಟರ್ ನೆಟ್ಟಗಿದೆ ಅಂತ ಖಾತ್ರಿಯಾಯಿತು.

ಗೀಸರ್ ಆಫ್ ಮಾಡಿಸಿದೆ. ದೀಪ ನಿಂತಿತು. ಇಳಿಯಬೇಕು ಅನ್ನುವಷ್ಟರಲ್ಲಿ ಅದು ತಾನಾಗಿ ಮತ್ತೆ ಮಿಣುಕತೊಡಗಿತು, ನಿಮಿಷಕ್ಕೆ 27ರಂತೆ. ನಮ್ಮ ಮನೆಯಲ್ಲಿ ಒಂದು ಬಲ್ಬೂ ಉರಿಯುತ್ತಿಲ್ಲ. ಕಿವಿಗೊಟ್ಟು ಕೇಳಿದೆ: ಕೆಳಗೆ ಸಂಪಿನ ಮೋಟರ್ ಗುಂಯ್ ಅನ್ನುತ್ತಿತ್ತು. ಎರಡೂ ಮನೆಗೆ ನೀರು ಏರಿಸುವ ಮೋಟರ್ ನಮ್ಮ ಮೀಟರ್‌ನಲ್ಲಿ ಓಡುತ್ತಿತ್ತು. ದಿನಕ್ಕೆ ಮುಕ್ಕಾಲು ಗಂಟೆ ಅಂದರೂ ತಿಂಗಳಿಗೆ 22 ಯೂನಿಟ್. ಅದು ಇಲ್ಲದಿದ್ದರೆ ನಮ್ಮ 207, 185ಕ್ಕೆ ನಿಲ್ಲುತ್ತಿತ್ತು.

ಮಾಲೀಕರಿಗೆ ಹೇಳಿದೆ. ಅವರಿಗೂ ಗೊತ್ತಿರಲಿಲ್ಲ, ವೈರಿಂಗ್ ಮಾಡಿದವರು ಕೈಗೆ ಸಿಕ್ಕ ಕಡೆ ಜೋಡಿಸಿ ಹೋಗಿದ್ದರು. ಮುಂದಿನ ವಾರ ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸಿಕೊಟ್ಟರು. ಮಹಡಿ ಮನೆ ಹಿಡಿಯುವ ಯಾರಿಗೇ ಆಗಲಿ, ಅಡ್ವಾನ್ಸ್ ಕೊಡುವ ಮುನ್ನ ಈ ಐದು ನಿಮಿಷದ ಪರೀಕ್ಷೆ ಮಾಡಿ ಅಂತ ಕೈಮುಗಿದು ಹೇಳುತ್ತೇನೆ. ಮೋಟರ್, ಮೆಟ್ಟಿಲ ದೀಪ, ಗೇಟಿನ ದೀಪ ಯಾರ ಮೀಟರ್‌ನಲ್ಲಿವೆ ಅಂತ ನೋಡಿಬಿಡಿ.

ಬಿಸಿನೀರು ಯಾವುದರಲ್ಲಿ

ನಾಲ್ಕು ಜನ ದಿನಕ್ಕೊಂದು ಬಕೆಟ್ ಬಿಸಿನೀರು ಹಾಕಿಕೊಂಡರೆ ತಿಂಗಳಿಗೆ 50 ಯೂನಿಟ್‌ನ ಆಸುಪಾಸು ಬೇಕು. ಕರೆಂಟ್ ಗೀಸರೇ ಆಗಲಿ, ಬಕೆಟ್‌ಗೆ ಇಳಿಬಿಡುವ ಹೀಟರ್ ಕಾಯಿಲ್ಲೇ ಆಗಲಿ, ನೀರು ಕಾಯಲು ಬೇಕಾದ ಶಕ್ತಿ ಒಂದೇ. ಕಾಯಿಲ್‌ನಲ್ಲಿ ಕರೆಂಟ್ ಉಳಿಯುತ್ತೆ ಅನ್ನುವುದು ತಪ್ಪು ತಿಳಿವಳಿಕೆ, ಶಾಕ್ ಹೊಡೆಯುವ ಭಯ ಬೇರೆ.

ಗ್ಯಾಸ್ ಗೀಸರ್‌ನಲ್ಲಿ ಅಷ್ಟೇ ನೀರಿಗೆ ಸಿಲಿಂಡರ್‌ನ ಮೂರನೇ ಒಂದು ಭಾಗ ಖರ್ಚಾಗುತ್ತೆ. ಸಿಲಿಂಡರ್ 860 ರೂಪಾಯಿ ಅಂತ ಹಿಡಿದರೆ ತಿಂಗಳಿಗೆ ಸುಮಾರು 285. ಕರೆಂಟಿನ 50 ಯೂನಿಟ್‌ಗೆ 334. ನೇರ ಹೋಲಿಕೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ನಿಮ್ಮ ಮನೆ 140 ಯೂನಿಟ್‌ನಲ್ಲಿ ಓಡುತ್ತಿದ್ದು ಅರ್ಹತೆಯೂ ಅಷ್ಟೇ ಇದ್ದರೆ ಗೀಸರಿನ 50 ಯೂನಿಟ್ ಉಚಿತದಲ್ಲೇ ಬರುತ್ತಿದೆ, ಗ್ಯಾಸ್‌ಗೆ ಹೋಗುವುದು ದಂಡ. 210, 220ರಲ್ಲಿ ಓಡುತ್ತಿದ್ದರೆ ಅದೇ 50 ಯೂನಿಟ್ ಕಳೆದಾಗ 200ರ ಒಳಗೆ ಬರುತ್ತೀರಿ, ಗ್ಯಾಸ್ ಗೀಸರ್ ಗೆಲ್ಲುತ್ತೆ. ಆದರೆ ಗ್ಯಾಸ್ ಗೀಸರನ್ನು ಮುಚ್ಚಿದ ಬಚ್ಚಲಮನೆಯೊಳಗೆ ಕೂರಿಸಲೇಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಪ್ರಾಣ ಬಿಟ್ಟ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಹೊರಗಿನ ಗೋಡೆಗೆ, ಗಾಳಿ ಆಡುವ ಕಡೆ ಹಾಕಿಸಿ. ಅದಕ್ಕೆ ಜಾಗವಿಲ್ಲದಿದ್ದರೆ ಆ ಯೋಚನೆ ಬಿಡಿ.

ಸ್ವಂತ ಮನೆಯವರಿಗೆ ಸೋಲಾರ್ ವಾಟರ್ ಹೀಟರ್‌ಗೆ ಸಾಟಿಯಿಲ್ಲ, ಈ ಬಯಲುಸೀಮೆಯ ಬಿಸಿಲು ಅದಕ್ಕೆ ಹೇಳಿ ಮಾಡಿಸಿದ್ದು. ಬೋರಿನ ಗಡಸು ನೀರು ಬಿಟ್ಟರೆ ಕೊಳವೆಗೆ ಉಪ್ಪು ಕಟ್ಟುತ್ತೆ, ಆದಷ್ಟು ನಲ್ಲಿ ನೀರು ಬಿಡಿ.

ಬೇಸಿಗೆ

ಫ್ಯಾನಿನಿಂದ ಶುರು ಮಾಡಿ. ಹಳೇ ಫ್ಯಾನ್ 75 ವ್ಯಾಟ್, ಕಮ್ಮಿ ಕರೆಂಟ್ ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ 30. ನಾಲ್ಕು ಫ್ಯಾನ್ ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 108 ಯೂನಿಟ್ ಇದ್ದದ್ದು 43ಕ್ಕೆ ಇಳಿಯುತ್ತೆ. 65 ಯೂನಿಟ್ ಉಳಿತಾಯ, ಯಾರ ಸುಖಕ್ಕೂ ಕುಂದಿಲ್ಲದೆ. ಮನೆ ಬಿಡುವಾಗ ಬಿಚ್ಚಿಕೊಂಡೂ ಹೋಗಬಹುದು. ಬಾಡಿಗೆ ಮನೆಯವರು ದುಡ್ಡು ಹಾಕುವುದಾದರೆ ಮೊದಲು ಇದಕ್ಕೆ ಹಾಕಬೇಕು.

ಕೂಲರ್ ರಾತ್ರಿ ಎಂಟು ಗಂಟೆ ಓಡಿದರೆ ತಿಂಗಳಿಗೆ ಸುಮಾರು 45 ಯೂನಿಟ್. ಒಂದು ಟನ್‌ನ ಇನ್ವರ್ಟರ್ ಎಸಿ ಅಷ್ಟೇ ಹೊತ್ತಿಗೆ 150ರ ಹತ್ತಿರ. ಮಾರ್ಚ್, ಏಪ್ರಿಲ್‌ನ ಒಣ ಬಿಸಿಲಿಗೆ ಕೂಲರ್ ಚೆನ್ನಾಗಿ ಹಿಡಿಯುತ್ತೆ. ಮಳೆ ಮೋಡ ಕಟ್ಟಿ ಸೆಕೆಯಾದಾಗ ಅದರ ಆಟ ನಡೆಯಲ್ಲ.

ಎಸಿ ಬೇಕೇ ಬೇಕು ಅನ್ನುವವರು, ಮನೆಯಲ್ಲಿ ಹಸುಗೂಸೋ ವಯಸ್ಸಾದವರೋ ಇರುವವರು, ಒಂದು ತೀರ್ಮಾನ ಮೊದಲೇ ಮಾಡಿಕೊಳ್ಳಿ. ಏಪ್ರಿಲ್, ಮೇ ಎರಡು ತಿಂಗಳು 200 ದಾಟುವುದು ಖಚಿತ ಅಂತಾದರೆ ನೆಮ್ಮದಿಯಾಗಿ ದಾಟಿ. ದಾಟಿದ ಮೇಲೆ ಪ್ರತಿ ಯೂನಿಟ್‌ಗೆ ಬೀಳುವುದು 6 ರೂಪಾಯಿ 68 ಪೈಸೆ ಅಷ್ಟೇ, ಯೋಜನೆ ತಪ್ಪುವುದೂ ಆ ತಿಂಗಳಿಗೆ ಮಾತ್ರ. ರಾತ್ರಿಯೆಲ್ಲ ಎಸಿ ಹಾಕಿ ಆರಿಸಿ, ಬೆವರಿ ಹೊರಳಾಡಿ, ಕೊನೆಗೆ 207ಕ್ಕೆ ಬಂದು ನಿಲ್ಲುವುದಿದೆಯಲ್ಲ, ಅದರಷ್ಟು ದುಬಾರಿ ಬೇರೊಂದಿಲ್ಲ. ಒಂದೋ 200ರ ಒಳಗೆ ಖಂಡಿತ ಇರಿ, ಇಲ್ಲವೇ ಸುಖವಾಗಿ 300 ಮಾಡಿ.

ವರ್ಷದ ಹನ್ನೆರಡು ತಿಂಗಳೂ 200 ದಾಟುವ ಸ್ವಂತ ಮನೆಯವರು ಚಾವಣಿ ಸೋಲಾರ್ ಯೋಚಿಸಬಹುದು. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ಗೆ 60,000, 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ. ಒಂದು ಕಿಲೋವ್ಯಾಟ್‌ನಿಂದ ದಿನಕ್ಕೆ ನಾಲ್ಕು ಯೂನಿಟ್ ನಿರೀಕ್ಷಿಸಬಹುದು. ಅರ್ಹತೆಯ ಒಳಗೇ ಬಾಳುತ್ತಿರುವ ಮನೆಗೆ ಸದ್ಯಕ್ಕೆ ಇದರ ಅಗತ್ಯ ನನಗೆ ಕಾಣುವುದಿಲ್ಲ.

ಇಪ್ಪತ್ತನೇ ದಿನ

ನಮ್ಮ ಕಡೆ ತಿಂಗಳ ಎರಡನೇ ವಾರ ರೀಡಿಂಗ್‌ಗೆ ಬರುತ್ತಾರೆ. ಅಂದಿನ ಅಂಕಿಯನ್ನು ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಬರೆದಿಡುತ್ತೇವೆ. ಮೀಟರ್ ಪರದೆಯಲ್ಲಿ ದಿನಾಂಕ, ಸಮಯ, ವೋಲ್ಟೇಜ್ ಅಂತ ನಾಲ್ಕೈದು ಅಂಕಿ ಸರದಿಯಲ್ಲಿ ಬರುತ್ತವೆ; ಪಕ್ಕದಲ್ಲಿ ಕೆಡಬ್ಲ್ಯುಎಚ್ (kWh, ಅಂದರೆ ಯೂನಿಟ್) ಅಂತ ಮೂಡುವುದು ಬೇಕಾದದ್ದು. ಇಪ್ಪತ್ತನೇ ದಿನಕ್ಕೆ ಮತ್ತೊಮ್ಮೆ ನೋಡಿ ಕಳೆಯುತ್ತೇವೆ. 133ರ ಒಳಗಿದ್ದರೆ ಅದೇ ಓಟದಲ್ಲಿ ತಿಂಗಳಿಗೆ 200 ದಾಟುವುದಿಲ್ಲ. 140 ಆಗಿದ್ದರೆ ಉಳಿದ ಹತ್ತು ದಿನ ಇಸ್ತ್ರಿ, ಗೀಸರ್ ಕಮ್ಮಿ ಮಾಡುತ್ತೇವೆ.

ಅಮ್ಮನೇ ಈಗ ಆ ಲೆಕ್ಕ ನೋಡಿಕೊಳ್ಳುತ್ತಾರೆ. ಸ್ಟೂಲ್ ಹತ್ತುವುದು ಮಗಳು, ಅಂಕಿ ಕೂಗುವುದೂ ಅವಳೇ, ಬರೆಯುವುದು ಅಮ್ಮ. ನಿನ್ನೆ ಇಪ್ಪತ್ತನೇ ದಿನ. ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕ ಪೆನ್ಸಿಲ್‌ನಲ್ಲಿ 112 ಅಂತ ಬರೆದಿದ್ದಾರೆ.